ಬಳ್ಳಾರಿ ಲ್ಯಾಬಿನಲ್ಲಿ ನಿಯೋಬಿಯಂ ಮೇಲೆ ಕಬ್ಬಿಣ

ಸೂಪರ್‌ಕಂಡಕ್ಟರ್‌ಗೂ ಅಯಸ್ಕಾಂತಕ್ಕೂ ಆಗಿಬರಲ್ಲ. ಸೂಪರ್‌ಕಂಡಕ್ಟರ್ ಅಂದ್ರೆ ಬಹಳ ತಣ್ಣಗಾದಾಗ ವಿದ್ಯುತ್ತಿಗೆ ತಡೆಯೇ ಒಡ್ಡದ ವಸ್ತು; ನನ್ನಲ್ಲಿ ಅದು ನಿಯೋಬಿಯಂ ಎಂಬ ಲೋಹ. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ. ಒಂದರ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣ) ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ. ಕಬ್ಬಿಣ ಎರಡನ್ನೂ ಒಂದೇ ಕಡೆ ತಿರುಗಿಸಲು ನೋಡುತ್ತದೆ, ಜೋಡಿ ಒಡೆಯುತ್ತದೆ. ಇವೆರಡನ್ನೂ ತೆಳು ಪದರಗಳಾಗಿ ಒಂದರ ಮೇಲೊಂದು ಕೂರಿಸಿ ನೋಡೋದು ನನ್ನ ಕೆಲಸ.

ಪದರ ಹಾಕೋದು ಸ್ಪಟರಿಂಗ್ ಯಂತ್ರದಲ್ಲಿ. ಅದರ ನಿರ್ವಾತ ಚೇಂಬರಿನಲ್ಲಿ ಪ್ಲಾಸ್ಮಾ, ಅಂದ್ರೆ ವಿದ್ಯುತ್ ಕಣಗಳಾಗಿ ಒಡೆದ ಅನಿಲ, ಲೋಹದ ಬಿಲ್ಲೆಗೆ (ಟಾರ್ಗೆಟ್) ಬಡಿದು ಪರಮಾಣುಗಳನ್ನು ಕೀಳುತ್ತದೆ, ಅವು ಸಿಲಿಕಾನ್ ತುಂಡಿನ ಮೇಲೆ ಪದರವಾಗಿ ಕೂರುತ್ತವೆ. ನಮ್ಮಲ್ಲಿ ಮೊದಲ ಕಾಟ ಧೂಳಿನದು. ಕಿಟಕಿ ಮುಚ್ಚಿದರೂ ಅದಿರಿನ ಕೆಂಪು ಧೂಳು ಒಳಗೆ ಬಂದೇ ಬರುತ್ತದೆ. 20 ನ್ಯಾನೋಮೀಟರ್ ಪದರದ ಮುಂದೆ ಒಂದು ಕಣ ಅಂದ್ರೆ ಗುಡ್ಡವೇ ಸರಿ. ಸಿಲಿಕಾನ್ ತುಂಡನ್ನು ಅಸಿಟೋನ್‌ನಲ್ಲಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ, ಕೂಡಲೇ ಒಳಗಿಡುತ್ತೇನೆ.

ನಿಯೋಬಿಯಂಗೆ ಆಮ್ಲಜನಕ ಸೇರಿದರೆ ಕೆಟ್ಟಿತು. ಅದಕ್ಕೇ ಮೊದಲು ತುಂಡಿನ ಮುಂದಿನ ಶಟರ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಸ್ಪಟರ್ ಮಾಡುತ್ತೇನೆ. ಚೇಂಬರಿನಲ್ಲಿ ಉಳಿದ ಆಮ್ಲಜನಕವನ್ನು ಆ ನಿಯೋಬಿಯಂ ತಾನೇ ಹೀರಿಕೊಳ್ಳುತ್ತದೆ. ಒಂದು ಪದರ ಹಾಕಿ ಇನ್ನೊಂದು ಹಾಕುವವರೆಗೆ ಚೇಂಬರಿನ ನಿರ್ವಾತ ಒಡೆಯಲೇಬಾರದು. ಗಾಳಿ ತಾಗಿದರೆ ನಡುವೆ ಆಕ್ಸೈಡ್ ಕೂರುತ್ತದೆ, ಆಮೇಲೆ ಅಳೆದದ್ದಕ್ಕೆ ಅರ್ಥವೇ ಇರಲ್ಲ.

"ಸರ್, ಪ್ಲಾಸ್ಮಾ ಹತ್ತವಲ್ದು" ಅಂತ ಹೊಸ ಹುಡುಗರು ಓಡಿ ಬರೋದು ಕಬ್ಬಿಣದ ಟಾರ್ಗೆಟ್ ಹಾಕಿದಾಗ. ಪ್ಲಾಸ್ಮಾ ನಿಲ್ಲಬೇಕಾದರೆ ಟಾರ್ಗೆಟ್ ಕೆಳಗೆ ಯಂತ್ರದಲ್ಲಿರುವ ಅಯಸ್ಕಾಂತದ ಬಲರೇಖೆಗಳು ಟಾರ್ಗೆಟ್ ದಾಟಿ ಮೇಲೆ ಬರಬೇಕು. ದಪ್ಪ ಕಬ್ಬಿಣ ಅವನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ತೆಳು ಟಾರ್ಗೆಟ್ ಹಾಕಿದರೆ ಹತ್ತುತ್ತದೆ.

ದಪ್ಪ ನಿಯೋಬಿಯಂ 9.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ತೆಳು ಪದರದಲ್ಲಿ ಅದಕ್ಕಿಂತ ಕೆಳಗೆ, ಕಬ್ಬಿಣ ಹೊದಿಸಿದರೆ ಇನ್ನೂ ಕೆಳಗೆ. ಬರೀ ನಿಯೋಬಿಯಂ ತುಂಡನ್ನೂ ಅದೇ ರನ್‌ನಲ್ಲಿ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಈ ತಾಪ ಇಳಿಸಿದ್ದು ಕಬ್ಬಿಣವೋ, ಆವತ್ತಿನ ನಿರ್ವಾತವೋ ಗೊತ್ತಾಗಲ್ಲ.

ನನಗೆ ಕಬ್ಬಿಣಕ್ಕಿಂತ ತಾಮ್ರ-ನಿಕ್ಕಲ್ ಮಿಶ್ರಲೋಹವೇ ಇಷ್ಟ. ಅಯಸ್ಕಾಂತದೊಳಗೆ ಹೊಕ್ಕ ಜೋಡಿಯ ಅಲೆ ಪ್ಲಸ್, ಮೈನಸ್ ಅಂತ ಚಿಹ್ನೆ ಬದಲಿಸುತ್ತಾ ಕ್ಷೀಣಿಸುತ್ತದೆ. ಕಬ್ಬಿಣದಲ್ಲಿ ಈ ಆಟ ಬಹಳ ಕಡಿಮೆ ದೂರದಲ್ಲೇ ಮುಗಿಯುತ್ತದೆ, ಮೇಲ್ಮೈ ಒರಟಿದ್ದರೆ ಕಾಣೋದೇ ಇಲ್ಲ. ದುರ್ಬಲ ಅಯಸ್ಕಾಂತದಲ್ಲಿ ಅಲೆ ಹಿಗ್ಗುತ್ತದೆ. 2001ರಲ್ಲಿ ರಷ್ಯಾದ ಭೌತವಿಜ್ಞಾನಿ ರ್ಯಾಜಾನೊವ್ ತಂಡ ಈ ಚಿಹ್ನೆ ಬದಲಾವಣೆಯನ್ನು ತೋರಿಸಿದ್ದೂ ತಾಮ್ರ-ನಿಕ್ಕಲ್ ಹಾಕಿಯೇ.

ಈಗ ನಿಯೋಬಿಯಂನ ಎರಡೂ ಬದಿಗೆ ತಾಮ್ರ-ನಿಕ್ಕಲ್ ಹಾಕುತ್ತಿದ್ದೇನೆ. ಒಂದು ಬದಿಯ ಅಯಸ್ಕಾಂತದ ದಿಕ್ಕನ್ನು ತಿರುಗಿಸಿದರೆ ಸೂಪರ್‌ಕಂಡಕ್ಟರ್ ಆಗುವ ತಾಪ ಸರಿಯೋದು ಮಿಲಿಕೆಲ್ವಿನ್ ಲೆಕ್ಕದಲ್ಲಿ. ಹಾಗಾಗಿ ಸದ್ಯ ಪದರಕ್ಕಿಂತ ಥರ್ಮಾಮೀಟರ್ ಜೊತೆಗೇ ಗುದ್ದಾಟ ಜಾಸ್ತಿ.