ಕಣ್ಣುಪಟ್ಟಿಯಿಂದ ಆಗದ್ದು ಅಲಾರಂನಿಂದ ಆಯಿತು: ಲೂಸಿಡ್ ಕನಸಿನ ನನ್ನ ಅನುಭವ

ಕನಸು ಬಿದ್ದಾಗ ಅದು ಕನಸೆಂದು ಗುರುತಿಸುತ್ತೇನೆ ಎಂಬ ಸಂಕಲ್ಪದೊಂದಿಗೆ ಮಲಗುವ ಮೈಲ್ಡ್ (MILD) ವಿಧಾನ ಹೊಸಬರಿಗೆ ಒಗ್ಗುವುದಿಲ್ಲ, ಬರೀ ಸಂಕಲ್ಪ ಮಾಡಿ ಮಲಗಿದರೆ ಏನೂ ಆಗದು ಎಂದು ನನಗೆ ಹೇಳದವರೇ ಇರಲಿಲ್ಲ. ಈಗ ತಿಂಗಳಿಗೆ ನಾಲ್ಕೈದು ಸಲವಾದರೂ ‘ಇದು ಕನಸು’ ಎಂಬ ಅರಿವು ಕನಸಿನೊಳಗೇ ಮೂಡುತ್ತಿದೆ, ಅದೂ ಅದೇ ಮೈಲ್ಡ್‌ನಿಂದ.

ಮೊದಲು ಹಣ ಹೋದ ಲೆಕ್ಕ. ಇದು ಕನಸು ಎಂಬ ಸುಳಿವು ಕೊಡಲು ನಿದ್ರೆಯಲ್ಲಿ ಕೆಂಪು ಬೆಳಕು ಮಿನುಗಿಸುವ ಕಣ್ಣುಪಟ್ಟಿಗೆ ಹೆಚ್ಚು ಕಡಿಮೆ ಅರ್ಧ ತಿಂಗಳ ಸಂಬಳ ಸುರಿದೆ. ಬೆಳಕು ಕನಸಿನೊಳಕ್ಕೆ ಬಂದದ್ದು ನಿಜ. ಆದರೆ ಕನಸು ಅದನ್ನು ಒಮ್ಮೆ ಆಂಬುಲೆನ್ಸಿನ ದೀಪವಾಗಿಸಿತು, ಇನ್ನೊಮ್ಮೆ ರೈಲ್ವೆ ಸಿಗ್ನಲ್ ಆಗಿಸಿತು. ಗುರುತಿಸಲು ಮನಸ್ಸು ಮೊದಲೇ ಸಿದ್ಧವಾಗಿರದಿದ್ದರೆ ಯಾವ ಯಂತ್ರವೂ ಅರಿವನ್ನು ತಂದುಕೊಡುವುದಿಲ್ಲ. ಗ್ಯಾಲಂಟಮೈನ್ ಮಾತ್ರೆ ನುಂಗು ಎಂದವರೂ ಇದ್ದರು. ಅದು ಅಲ್ಜೈಮರ್ ರೋಗಿಗಳಿಗೆ ಕೊಡುವ ಔಷಧ, ಅದರ ತಂಟೆಗೆ ಹೋಗಲಿಲ್ಲ. ಅರಿವು ಕಳೆದುಕೊಳ್ಳದೆ ಎಚ್ಚರದಿಂದ ನೇರವಾಗಿ ಕನಸಿಗೆ ಇಳಿಯುವ ವೈಲ್ಡ್ (WILD) ವಿಧಾನಕ್ಕೆ ಸುಮಾರು ಎರಡು ತಿಂಗಳು ಹೋಯಿತು. ಮೈ ಮರಗಟ್ಟಿ, ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಬರುವವರೆಗೆ ಮುಟ್ಟುತ್ತಿದ್ದೆ, ಮುಂದಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ.

ದಾರಿ ತೋರಿಸಿದ್ದು ಹೊತ್ತಿನ ಲೆಕ್ಕ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ರೆಮ್ (REM) ನಿದ್ರೆ ದಟ್ಟವಾಗುವುದು ರಾತ್ರಿಯ ಕೊನೆಯ ಭಾಗದಲ್ಲಿ. ಮಲಗುವಾಗ ಮಾಡಿದ ಸಂಕಲ್ಪ ಅಷ್ಟು ಹೊತ್ತಿಗೆ ಹಳಸಿರುತ್ತದೆ. ಹಾಗಾಗಿ ಮಲಗಿ ಐದು ಗಂಟೆಯ ನಂತರಕ್ಕೆ ಅಲಾರಂ ಇಟ್ಟೆ. ಎದ್ದು ಹತ್ತು ನಿಮಿಷ ಕೂತರೆ ಸಂಕಲ್ಪ ಕೂರುವ ಮೊದಲೇ ನಿದ್ರೆ ಬರುತ್ತಿತ್ತು, ಒಂದು ಗಂಟೆ ಕೂತರೆ ನಿದ್ರೆಯೇ ಹಾರಿಹೋಗುತ್ತಿತ್ತು. ನನಗೆ ಒಗ್ಗಿದ್ದು ಇಪ್ಪತ್ತೈದು ನಿಮಿಷದ ಆಸುಪಾಸು. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟದೆ, ಆಗಷ್ಟೇ ಕಂಡ ಕನಸನ್ನು ಮಂದ ಬೆಳಕಿನಲ್ಲಿ ಬರೆದು, ಅದರ ಅಸಂಬದ್ಧ ಜಾಗಕ್ಕೆ ಗೆರೆ ಎಳೆಯುತ್ತೇನೆ. ನನ್ನ ಕನಸುಗಳಲ್ಲಿ ಮರಳಿ ಮರಳಿ ಬರುವುದು ಗುಂಡಿಗಳೇ ಇಲ್ಲದ ಲಿಫ್ಟ್. ಮತ್ತೆ ಮಲಗಿ, ಅದೇ ಲಿಫ್ಟಿನೊಳಗೆ ಕಾಲಿಟ್ಟು ‘ಇದು ಕನಸು’ ಎಂದು ಗುರುತಿಸುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಲೇ ನಿದ್ರೆಗೆ ಜಾರಬೇಕು. ಬೇಗ ಜಾರುವುದರಲ್ಲೇ ಗುಟ್ಟಿದೆ. ಆಸ್ಟ್ರೇಲಿಯಾದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ನಿದ್ರಿಸಿದವರ ಪ್ರಯತ್ನಗಳಲ್ಲಿ ಶೇಕಡಾ 46ರಷ್ಟು ಫಲಿಸಿದ್ದವು. 

ನಡುವೆ ಒಂದು ಪ್ರಯೋಗ. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್ ಅವರ ಪ್ರಯೋಗಕ್ಕೆ ಒಳಗಾದವರು ಕನಸಿನೊಳಗಿಂದಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಸಂಕೇತ ಕೊಟ್ಟಿದ್ದರು. ನಾನೂ ತಮ್ಮನನ್ನು ಮುಂಜಾವಿನಲ್ಲಿ ಪಕ್ಕದಲ್ಲಿ ಕೂರಿಸಿದೆ. ಕೆಲವು ಮುಂಜಾವುಗಳು ವ್ಯರ್ಥವಾದವು. ಒಂದು ದಿನ ಲಿಫ್ಟಿನಲ್ಲಿ ಅರಿವು ಮೂಡಿದ ಕೂಡಲೇ ಕಣ್ಣನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಹೊರಳಿಸಿದೆ. ಎದ್ದಾಗ ತಮ್ಮ, ‘ಅಣ್ಣಾ, ರೆಪ್ಪೆಯ ಕೆಳಗೆ ಗುಡ್ಡೆ ಪೂರ್ತಿ ಆಚೆಗೆ ಹೋಗಿ ಬಂತು, ಅದಕ್ಕೆ ಮುಂಚಿನ ಅದುರಾಟದ ಹಾಗಿರಲಿಲ್ಲ’ ಎಂದ. ಅಂದಿನಿಂದ ಅವನ ಅನುಮಾನ ಮುಗಿಯಿತು.

ಅರಿವು ಮೂಡಿದ ಸಂಭ್ರಮಕ್ಕೇ ಕನಸು ಒಡೆಯುತ್ತದೆ. ಆಗ ಕನಸಿನಲ್ಲೇ ಅಂಗೈಗಳನ್ನು ಬಿರುಸಾಗಿ ಉಜ್ಜುತ್ತೇನೆ; ಬಿಸಿ ತಾಗುತ್ತಿದ್ದಂತೆ ಸುತ್ತಲಿನ ನೋಟ ಗಟ್ಟಿಯಾಗುತ್ತದೆ. ಹಾರಾಟವೆಲ್ಲ ಆಮೇಲೆ. ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಅಲಾರಂ ಇಡುವುದಿಲ್ಲ, ಅದೂ ಮರುದಿನ ಬಿಡುವಿದ್ದರೆ ಮಾತ್ರ. ಈಗ ಅಲಾರಂ ಇಲ್ಲದೆ, ತಾನಾಗಿ ಎಚ್ಚರವಾದಾಗಲೇ ಇದನ್ನು ಮಾಡಿ ನೋಡುತ್ತಿದ್ದೇನೆ.