ಜರ್ಮನ್–ಹೀಬ್ರೂ ಕವಿತೆಗಳನ್ನು ಎದುರುಬದುರು ಪುಟಗಳಲ್ಲಿ ಕೂರಿಸುವುದು: ನನ್ನ ಅನುಭವ

ಒಂದು ಪುಟದಲ್ಲಿ ಜರ್ಮನ್, ಅದರ ಎದುರು ಪುಟದಲ್ಲಿ ಹೀಬ್ರೂ ಬರುವ ಕವನ ಸಂಕಲನಗಳಿಗೆ ಪುಟ ಕಟ್ಟುವುದು ನನ್ನ ಕೆಲಸ. ಜರ್ಮನ್ ಎಡದಿಂದ ಬಲಕ್ಕೆ ಸಾಗುತ್ತದೆ, ಹೀಬ್ರೂ ಬಲದಿಂದ ಎಡಕ್ಕೆ. ಜರ್ಮನ್ ಪುಸ್ತಕದ ಬೆನ್ನು, ಅಂದರೆ ಹಾಳೆಗಳನ್ನು ಸೇರಿಸಿ ಕಟ್ಟಿದ ಅಂಚು, ಎಡಕ್ಕಿದ್ದರೆ ಹೀಬ್ರೂ ಪುಸ್ತಕದ್ದು ಬಲಕ್ಕೆ. ಯಹೂದಿ ತತ್ವಜ್ಞಾನಿ ಮೋಸೆಸ್ ಮೆಂಡೆಲ್‌ಸೋನ್ 1780–83ರಲ್ಲಿ ಯಹೂದ್ಯರ ಧರ್ಮಗ್ರಂಥ ತೋರಾವನ್ನು ಜರ್ಮನ್‌ಗೆ ತಂದಾಗ ಈ ತೊಡಕು ಬರಲಿಲ್ಲ. ಅಲ್ಲಿ ಜರ್ಮನ್ ಭಾಷೆಯನ್ನೇ ಹೀಬ್ರೂ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರಿಂದ ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಲಿಪಿಗಳು ಬೇರೆಯಾದಾಗ ಮಾತ್ರ ಬೆನ್ನು ಯಾವ ಕಡೆ, ಯಾವ ಭಾಷೆ ಯಾವ ಪುಟಕ್ಕೆ ಎಂಬುದು ಮೊದಲೇ ತೀರ್ಮಾನವಾಗಬೇಕು.

ಬೆನ್ನು ಯಾವ ಕಡೆಯೇ ಇರಲಿ, ನಾನು ಹೀಬ್ರೂವನ್ನು ಎಡಪುಟದಲ್ಲಿ, ಜರ್ಮನ್ ಅನ್ನು ಬಲಪುಟದಲ್ಲಿ ಇಡುತ್ತೇನೆ. ಆಗ ಎರಡೂ ಕವಿತೆಗಳ ಸಾಲುಗಳು ನಡುಮಡಿಕೆಯ ಹತ್ತಿರ ಶುರುವಾಗಿ ಹೊರಕ್ಕೆ ಚಾಚುತ್ತವೆ. ಹೋಲಿಸಿ ಓದುವವರಿಗೆ ಸಾಲಿನ ಮೊದಲ ಪದ ಎರಡೂ ಕಡೆ ಪಕ್ಕಪಕ್ಕದಲ್ಲೇ ಸಿಗುತ್ತದೆ. ಅದಲುಬದಲು ಮಾಡಿದರೆ ಆರಂಭಗಳು ಎರಡು ಹೊರ ಅಂಚುಗಳಿಗೆ ಹೋಗಿ, ಮಡಿಕೆಯಲ್ಲಿ ಏರುಪೇರಾದ ಸಾಲುತುದಿಗಳಷ್ಟೇ ಎದುರಾಗುತ್ತವೆ.

ಇನ್ನು ಬೆನ್ನು. ಮೂಲ ಕವಿತೆಯೇ ಮೊದಲು ಕಣ್ಣಿಗೆ ಬೀಳಬೇಕು. ಬೆನ್ನು ಎಡಕ್ಕಿದ್ದರೆ ಓದುಗರು ಎಡಪುಟದಿಂದ ಆರಂಭಿಸುತ್ತಾರೆ, ಬಲಕ್ಕಿದ್ದರೆ ಬಲಪುಟದಿಂದ. ಆದ್ದರಿಂದ ಮೂಲ ಹೀಬ್ರೂ ಆದರೆ ಜರ್ಮನ್ ರೀತಿಯಲ್ಲಿ ಎಡಕ್ಕೆ ಬೆನ್ನು, ಮೂಲ ಜರ್ಮನ್ ಆದರೆ ಹೀಬ್ರೂ ರೀತಿಯಲ್ಲಿ ಬಲಕ್ಕೆ ಬೆನ್ನು. ವ್ಯುರ್ತ್ಸ್‌ಬುರ್ಗ್‌ನಲ್ಲಿ ಹುಟ್ಟಿ ಹೀಬ್ರೂ ಕವಿಯಾದ ಯೆಹುದಾ ಅಮಿಖಾಯ್ ಅವರಿಗೆ ಮೊದಲನೆಯದು, ಜರ್ಮನ್‌ನಲ್ಲಿ ಬರೆದ ಪೌಲ್ ಸೆಲಾನ್ ಅವರಿಗೆ ಎರಡನೆಯದು. ಅನುವಾದವನ್ನು ಓದಲು ಬರುವವರಿಗೆ ಅವರದೇ ಭಾಷೆಯ ಪುಸ್ತಕದಂತೆ ತೆರೆದುಕೊಂಡು, ಮೊದಲು ಪರಭಾಷೆಯ ಮೂಲವನ್ನು ತೋರಿಸುವ ಈ ಏರ್ಪಾಡು ನನಗೆ ತುಂಬ ನ್ಯಾಯವೆನಿಸುತ್ತದೆ. ಲುಡ್ವಿಗ್ ಸ್ಟ್ರೌಸ್, ತುವಿಯಾ ರ್ಯುಬ್ನರ್ ಅವರಂತೆ ಎರಡೂ ಭಾಷೆಗಳಲ್ಲಿ ಬರೆದವರು ತಮ್ಮ ಕವಿತೆಯನ್ನು ತಾವೇ ಇನ್ನೊಂದು ಭಾಷೆಗೆ ತಂದಿದ್ದರೆ ‘ಅನುವಾದ’ ಎಂಬ ಪದವನ್ನು ಪುಟದ ತಲೆಗೆ ಹಾಕಬಾರದು. ಪ್ರತಿ ಪಾಠದ ಕೆಳಗೆ ಅದರ ವರ್ಷ ಕೊಟ್ಟರೆ ಸಾಕು.

ಸಾಲಿನ ಆರಂಭ ಮಡಿಕೆಯ ಬಳಿ ಇರುವುದರಿಂದ ಒಳ ಅಂಚು ಧಾರಾಳವಾಗಿರಬೇಕು. 135×205 ಮಿ.ಮೀ. ಪುಟಕ್ಕೆ ಒಳಗೆ 24, ಹೊರಗೆ 15 ಮಿ.ಮೀ. ಬಿಡುತ್ತೇನೆ. ಅಂಟಿನ ಬೈಂಡಿಂಗ್ ಪೂರ್ತಿ ತೆರೆದುಕೊಳ್ಳದೆ ಮೊದಲ ಅಕ್ಷರಗಳನ್ನು ನುಂಗುತ್ತದೆ. ಹೊಲಿಗೆ ಬೈಂಡಿಂಗೇ ಬೇಕು. ಬೆನ್ನು ಬಲಕ್ಕಿದ್ದರೆ ಬೆಸ ಸಂಖ್ಯೆಯ ಪುಟಗಳು ಎಡಕ್ಕೆ ಬರುತ್ತವೆ. ಇದನ್ನು ಪಿಡಿಎಫ್ ಜೊತೆ ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಮಡಚಿ ಪುಟಸಂಖ್ಯೆ ಬರೆದ ಮಾದರಿಯನ್ನು ಪ್ರೆಸ್‌ಗೆ ಕೊಡಬೇಕು.

ಅಕ್ಷರಗಳ ವಿಷಯದಲ್ಲಿ ಈ ಎರಡು ಭಾಷೆಗಳ ನಂಟು ಆಳವಾದುದು. ಹೀಬ್ರೂ ಪುಸ್ತಕಗಳಲ್ಲಿ ಇಂದಿಗೂ ಎಲ್ಲೆಲ್ಲೂ ಕಾಣುವ ಫ್ರಾಂಕ್–ರ್ಯೂಲ್ ಅಕ್ಷರ ಹುಟ್ಟಿದ್ದು ಲೈಪ್‌ಸಿಗ್‌ನಲ್ಲಿ, 1910ರ ಸುಮಾರಿಗೆ. ರೂಪಿಸಿದವರು ಅಲ್ಲಿನ ಸಿನಗಾಗ್‌ನ ಪ್ರಾರ್ಥನಾ ಗಾಯಕ ರಾಫೆಲ್ ಫ್ರಾಂಕ್. ಹೆನ್ರಿ ಫ್ರೀಡ್‌ಲೆಂಡರ್ ಜರ್ಮನಿಯಲ್ಲಿದ್ದಾಗ ರೂಪಿಸತೊಡಗಿದ ಹದಸ್ಸಾ ಎಂಬ ಹೀಬ್ರೂ ಅಕ್ಷರ 1958ರಲ್ಲಿ ಹೊರಬಂತು. ಫ್ರಾಂಕ್–ರ್ಯೂಲ್‌ನಲ್ಲಿ ಅಡ್ಡಗೆರೆ ದಪ್ಪ, ನಿಲುಗೆರೆ ತೆಳು. ಜರ್ಮನ್ ಅಕ್ಷರದಲ್ಲಿ ಇದು ತಿರುಗುಮುರುಗು. ಹೀಗಾಗಿ ಹೀಬ್ರೂ ಪುಟ ಹೆಚ್ಚು ಕಪ್ಪಾಗಿ ಕಾಣುತ್ತದೆ. ದಪ್ಪದ ವ್ಯತ್ಯಾಸ ಕಡಿಮೆಯಿರುವ ಹದಸ್ಸಾ ಜರ್ಮನ್ ಪಕ್ಕದಲ್ಲಿ ಚೆನ್ನಾಗಿ ಹೊಂದುತ್ತದೆ. ಹೀಬ್ರೂಗೆ ದೊಡ್ಡಕ್ಷರಗಳಿಲ್ಲ. ಅದರ ಎತ್ತರ ಜರ್ಮನ್ ಸಣ್ಣಕ್ಷರಕ್ಕಿಂತ ಸ್ವಲ್ಪ ಮೇಲಿರಬೇಕು, ದೊಡ್ಡಕ್ಷರವನ್ನು ಮುಟ್ಟಬಾರದು. ಜರ್ಮನ್ 10.5 ಪಾಯಿಂಟ್ ಇದ್ದರೆ ಹೀಬ್ರೂ 12ರಿಂದ ಶುರುಮಾಡಿ, ಮುದ್ರಿಸಿ, ಕೈಚಾಚಿದ ದೂರದಲ್ಲಿ ಹಿಡಿದು ನೋಡಿ ಹೊಂದಿಸುತ್ತೇನೆ. ಹೀಬ್ರೂಗೆ ತನ್ನದೇ ಇಟಾಲಿಕ್ ಇಲ್ಲ. ಯಂತ್ರದಿಂದ ಓರೆ ಮಾಡಿದರೆ ಅಕ್ಷರ ಕೆಡುತ್ತದೆ.

ಅತಿ ಹೆಚ್ಚು ಸಮಯ ಬೇಡುವುದು ನಿಕ್ಕೂದ್, ಅಂದರೆ ಸ್ವರ ಸೂಚಿಸುವ ಚುಕ್ಕೆ–ಗೆರೆಗಳು. ಗದ್ಯಕ್ಕೆ ಇವು ಬೇಕಿಲ್ಲ, ಕವಿತೆಗೆ ರೂಢಿಯಾಗಿ ಹಾಕುತ್ತಾರೆ. ಕನ್ನಡದಲ್ಲಿ ಒತ್ತಕ್ಷರಕ್ಕೆ ಜಾಗ ಬಿಟ್ಟಂತೆ ಇಲ್ಲೂ ಬಿಡಬೇಕು. ಇಲ್ಲವಾದರೆ ಹೀಬ್ರೂ ಅಕ್ಷರ ಲಾಮೆದ್‌ನ ಎತ್ತರದ ಕೊಂಬು ಮೇಲಿನ ಸಾಲಿನ ಚುಕ್ಕೆಗೆ ತಾಗುತ್ತದೆ. ಸಾಲಿನಿಂದ ಸಾಲಿಗೆ 17 ಪಾಯಿಂಟ್ ಇಟ್ಟು, ಜರ್ಮನ್‌ಗೂ ಅದನ್ನೇ ಅನ್ವಯಿಸುತ್ತೇನೆ. ಫಾಂಟ್ ಆರಿಸುವಾಗ ಮೂರು ಕಡೆ ಪರೀಕ್ಷಿಸಿ: ಕೆಳಕ್ಕಿಳಿಯುವ ಕೋಫ್‌ನ ಅಡಿಯ ಸ್ವರ, ಪದಾಂತ್ಯದ ಕಾಫ್‌ನ ಒಳಗಿನ ಸ್ವರ, ಚುಕ್ಕೆಯಿರುವ ಶಿನ್ ಮೇಲಿನ ಹೋಲಮ್ ಎಂಬ ‘ಓ’ ಸ್ವರದ ಚುಕ್ಕೆ. ಯೂನಿಕೋಡ್ ಸಾಮಾನ್ಯೀಕರಣ, ಅಂದರೆ ಗುರುತುಗಳ ಕ್ರಮವನ್ನು ತಂತ್ರಾಂಶ ಒಂದೇ ಮಾದರಿಗೆ ತರುವುದು, ನಡೆದಾಗ ಅಕ್ಷರದೊಳಗಿನ ಚುಕ್ಕೆ, ಅಂದರೆ ದಾಗೇಶ್, ಸ್ವರದ ನಂತರಕ್ಕೆ ಸರಿಯುತ್ತದೆ. ಹಳೆಯ ಫಾಂಟ್‌ಗಳಲ್ಲಿ ಆಗ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಇಂಥ ಲಿಪಿಗಳನ್ನು ಕೂರಿಸುವ ವರ್ಲ್ಡ್–ರೆಡಿ ಕಂಪೋಸರ್ ಹಾಕದಿದ್ದರೂ ಇದೇ ಗತಿ.

ನಿಕ್ಕೂದ್ ಹಾಕಲು ನಕ್ದಾನ್ ಎಂಬ ಪರಿಣತರಿದ್ದಾರೆ. ಕವಿತೆಯ ಪಾಠ ಅಂತಿಮವಾದ ಮೇಲಷ್ಟೇ ಅವರಿಗೆ ಕೊಡಬೇಕು. ನಂತರ ಪದದ ಆರಂಭಕ್ಕೆ ಸೇರುವ ಒಂದಕ್ಷರ ಬದಲಾದರೂ ದಾಗೇಶ್ ಬದಲಾಗಬಹುದು. ಚುಕ್ಕೆಯಿಲ್ಲದ ಬರಹದಲ್ಲಿ ಸ್ವರ ತಿಳಿಸಲು ಸೇರಿಸುವ ಹೆಚ್ಚುವರಿ ವಾವ್, ಯೋದ್ ಅಕ್ಷರಗಳು ನಿಕ್ಕೂದ್ ಬಂದಾಗ ಹೋಗಬೇಕು. ತಂತ್ರಾಂಶದಿಂದ ಚುಕ್ಕೆ ಹಾಕಿಸಿದ ಕಡತಗಳಲ್ಲಿ ಅವು ಎಷ್ಟೋ ಸಲ ಉಳಿದುಬಿಡುತ್ತವೆ.

ವಿರಾಮ ಚಿಹ್ನೆಗಳಿಗೆ ಸ್ವಂತ ದಿಕ್ಕಿಲ್ಲ. ಪ್ಯಾರಾದ ದಿಕ್ಕನ್ನು ಬಲದಿಂದ ಎಡಕ್ಕೆ ಎಂದು ಹೊಂದಿಸದಿದ್ದರೆ ಸಾಲಿನ ಕೊನೆಯ ಪೂರ್ಣವಿರಾಮ ಬಲಕ್ಕೆ ಹಾರಿ ಸಾಲಿನ ಮೊದಲಿಗೆ ಕೂರುತ್ತದೆ. ಆವರಣ ಚಿಹ್ನೆಗಳು ತಾವಾಗಿಯೇ ಮಗುಚಿಕೊಳ್ಳುತ್ತವೆ, ಕೈಯಿಂದ ತಿರುಗಿಸಬೇಡಿ. ಪಿಡಿಎಫ್‌ನಿಂದ ನಕಲಿಸಿದ ಹೀಬ್ರೂ ಎಷ್ಟೋ ಸಲ ಹಿಂದುಮುಂದಾಗಿ ಬರುತ್ತದೆ. ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಜರ್ಮನ್ ಸಾಲು ಉದ್ದವಾಗಿ ಮುರಿದರೆ ಉಳಿದ ಭಾಗವನ್ನು ಎರಡು ಎಮ್ (ಒಂದು ಎಮ್ ಎಂದರೆ ಅಕ್ಷರದ ಪಾಯಿಂಟ್ ಅಳತೆಯಷ್ಟು ಅಗಲ) ಒಳಕ್ಕೆ ಸರಿಸಿ, ಎದುರಿನ ಹೀಬ್ರೂ ಸಾಲಿನ ಕೆಳಗೆ ಅಷ್ಟೇ ಖಾಲಿ ಬಿಡುತ್ತೇನೆ. 1996ರ ಸುಧಾರಣೆಗೆ ಮುಂಚಿನ ಜರ್ಮನ್ ಕಾಗುಣಿತವನ್ನು ತಿದ್ದುವುದಿಲ್ಲ, ಸಾಲಿನ ತುದಿಯಲ್ಲಿ ಪದ ಒಡೆಯುವ ಸೌಲಭ್ಯವನ್ನೂ ನಿಲ್ಲಿಸಿಡುತ್ತೇನೆ. ಕೊನೆಯ ಪ್ರೂಫ್ ಕಾಗದದ ಮೇಲೆ ನಿಜ ಅಳತೆಯಲ್ಲೇ ಆಗಬೇಕು, ಹೀಬ್ರೂ ಬಲ್ಲವರು ಗಟ್ಟಿಯಾಗಿ ಓದಬೇಕು. ತಪ್ಪಿದ ಸ್ವರ ತೆರೆಯ ಮೇಲೆ ಕಣ್ಣಿಗೆ ತಪ್ಪಿಸಿಕೊಂಡರೂ ಗಟ್ಟಿಯಾಗಿ ಓದುವಾಗ ಕಿವಿಗೆ ಸಿಕ್ಕಿಬೀಳುತ್ತದೆ.