ಬರ್ಗಂಡಿ ವೈನ್: ದೊಡ್ಡ ಹೆಸರಿನ ಪಕ್ಕದ ಊರು

ಲಂಡನ್ನಿಗೆ ಬಂದ ಹೊಸದರಲ್ಲಿ, ಮದುವೆಯ ದಿನಕ್ಕೆಂದು 55 ಪೌಂಡ್ ಕೊಟ್ಟು ಒಂದು ಬಾಟಲಿ ಜೆವ್ರೆ-ಶಾಂಬರ್ತಾಂ ವೈನ್ ತಂದಿದ್ದೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಬಹಳ ಹೆಸರು ಮಾಡಿದ ಊರು ಅದು. ಬಾಟಲಿ ತೆರೆದರೆ ನೀರುನೀರು, ಹುಳಿ ಬಿಟ್ಟರೆ ಮತ್ತೇನೂ ಇಲ್ಲ. ಇಬ್ಬರಿಗೂ ಬೇಜಾರಾಯಿತು. ನಾನು ದುಡ್ಡು ಕೊಟ್ಟಿದ್ದು ಬರೀ ಊರಿನ ಹೆಸರಿಗೆ.

ಆಮೇಲೆ ನಕ್ಷೆ ಹಿಡಿದು ಕೂತೆ. ಬರ್ಗಂಡಿಯಲ್ಲಿ ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಶಾರ್ಡನೇ. ಹೆಚ್ಚುಕಮ್ಮಿ ಎಲ್ಲ ಕಡೆ ಇವೇ ದ್ರಾಕ್ಷಿ, ಬೆಲೆ ನಿಲ್ಲುವುದು ತೋಟದ ಮೇಲೆ. ಎಲ್ಲಕ್ಕಿಂತ ಮೇಲಿನ ಗ್ರಾಂ ಕ್ರೂ ಪಟ್ಟ ಸಿಕ್ಕಿರುವುದು 33ಕ್ಕೆ ಮಾತ್ರ. ಅವೂ ತುಂಡುತುಂಡು. ಸುಮಾರು 50 ಹೆಕ್ಟೇರಿನ ಕ್ಲೋ ದ ವೂಜೋ ಒಂದಕ್ಕೇ 80ರಷ್ಟು ಒಡೆಯರು! ನಮ್ಮ ಕಡೆ ಪಾಲಾದ ಗದ್ದೆಗಳಲ್ಲಿ ಬದುವಿನ ಆಚೆಗೊಂದು ಬೆಳೆ, ಈಚೆಗೊಂದು ಬೆಳೆ ಅಲ್ವಾ? ಇಲ್ಲೂ ಹಾಗೇ, ಎಲ್ಲ ಮಾಡುವವರ ಕೈಯಲ್ಲಿದೆ. ಅದಕ್ಕೇ ಈಗ ಲೇಬಲ್ಲಿನಲ್ಲಿ ಮೊದಲು ಮಾಡಿದವರ ಹೆಸರು ನೋಡುತ್ತೇನೆ, ಊರು ಆಮೇಲೆ.

ಊರು ಅಂದರೆ ದೊಡ್ಡ ಹೆಸರಿನ ಪಕ್ಕದ ಊರು. ಪುಲಿನ್ಯಿ-ಮೊಂರಾಶೆ ಬಿಳಿ ವೈನು ನಮ್ಮ ಕೈಗೆ ಎಟುಕುವುದಿಲ್ಲ. ಅದರ ಗುಡ್ಡದ ಹಿಂದೆಯೇ ಸೇಂತ್-ಓಬಾಂ ಇದೆ. ಅದರ ಬೆಲೆಯೂ ಈಗ ಏರಿದೆ, ಆದರೂ ಹಬ್ಬ ಹುಣ್ಣಿಮೆಗೆ ಒಂದು ತರಬಹುದು. ಕೆಂಪಿಗೆ ದಕ್ಷಿಣದ ಜೀವ್ರಿ, ಮೆರ್ಕ್ಯುರೆ. ದಿನದ ಊಟಕ್ಕೆ ಇನ್ನೂ ದಕ್ಷಿಣದ ಮಾಕೋಂ. ಅಲ್ಲಿ ಲುನ್ಯಿ ಊರಿನ ಬೆಳೆಗಾರರು ಸೇರಿ ನಡೆಸುವ ಸೊಸೈಟಿ ಇದೆ, ನಮ್ಮ ಹಾಲಿನ ಡೇರಿ ಹಾಗೆ. ಅವರ ಬಿಳಿ ವೈನು ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹಾಗಂತ ತೀರಾ ಅಗ್ಗದ್ದಕ್ಕೂ ಹೋಗಬೇಡಿ. ಬ್ರಿಟನ್ನಿನಲ್ಲಿ ವೈನಿನ ಸುಂಕ ಮದ್ಯಸಾರ ಎಷ್ಟಿದೆ ಅನ್ನುವುದರ ಮೇಲೆ, ಬೆಲೆಯ ಮೇಲಲ್ಲ. ಮಾಮೂಲು ಮದ್ಯಸಾರ ಇರುವ 7 ಪೌಂಡಿನ ಬಾಟಲಿಗೂ ಅಷ್ಟೇ ಮದ್ಯಸಾರದ 14 ಪೌಂಡಿನದಕ್ಕೂ ಅದೇ ಎರಡೂವರೆ ಪೌಂಡಿಗಿಂತ ಜಾಸ್ತಿ ಸುಂಕ. ಮೇಲೆ 20% ವ್ಯಾಟ್, ಗಾಜು, ಸಾಗಾಣಿಕೆ, ಅಂಗಡಿಯ ಲಾಭ. 7 ಪೌಂಡಿನದರಲ್ಲಿ ವೈನಿಗೆ ಅಂತ ಉಳಿಯುವುದು ಚಿಲ್ಲರೆ ಕಾಸು. ಇನ್ನೊಂದು ಏಳು ಪೌಂಡ್ ಸೇರಿಸಿದರೆ ಅದರಲ್ಲಿ ದೊಡ್ಡ ಪಾಲು ವೈನಿಗೇ ಹೋಗುತ್ತದೆ.

ನನ್ನ ಮೆಚ್ಚಿನದು ಮಾತ್ರ ಅಲಿಗೊಟೆ. ಬರ್ಗಂಡಿಯ ಇನ್ನೊಂದು ಬಿಳಿ ದ್ರಾಕ್ಷಿ ಅದು. ಹುಳಿ ಜಾಸ್ತಿ ಅಂತ ಬಹಳ ಕಾಲ ಅದಕ್ಕೆ ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ ಬೆರೆಸಿ ಕುಡಿಯುತ್ತಿದ್ದರು. ಬೂಜ್ರೋಂ ಎಂಬ ಪುಟ್ಟ ಊರು ಮಾತ್ರ ಅದನ್ನು ಕೈಬಿಡಲಿಲ್ಲ. 1998ರಲ್ಲಿ ಅಲಿಗೊಟೆಗೇ ಮೀಸಲಾಗಿ ಊರಿನ ಹೆಸರಿನ ಮಾನ್ಯತೆ ಪಡೆಯಿತು. ಶನಿವಾರ ನಮ್ಮ ಮನೆಯಲ್ಲಿ ಬಂಗುಡೆ ಫ್ರೈ, ಉಡುಪಿ ಕಡೆಯ ಕೆಂಪು ಮಸಾಲೆ ಹಚ್ಚಿದ್ದು. ಕಾವಲಿಯಿಂದ ಇಳಿಸಿದ ಮೀನಿನ ಗರಿಗರಿ ಅಂಚು ಮುರಿದು ಬಾಯಿಗಿಟ್ಟು, ಮೇಲೊಂದು ಗುಟುಕು ತಣ್ಣಗಿನ ಬೂಜ್ರೋಂ. ಎಣ್ಣೆಯ ಜಿಡ್ಡು ಹೋಗಿ ಖಾರ ಮಾತ್ರ ನಾಲಿಗೆ ಮೇಲೆ ನಿಲ್ಲುತ್ತದೆ. ಆಗ ತಟ್ಟೆಯಲ್ಲಿ ನಿಂಬೆಹೋಳು ಹಿಂಡದೆ ಹಾಗೇ ಉಳಿದಿರುತ್ತದೆ.